ಕಣ್ಣುಗಳಲ್ಲಿ ವಿಶೇಷವೇನೂ ಇಲ್ಲ

ನನ್ನ ಅಮ್ಮನ ಕಾಯಿಲೆಗೆ ಬೇರೆಯವರ ಹೆಸರಿದೆ. ಅದನ್ನು ಮೈಮೇಲೆ ಹೊತ್ತು ತಿರುಗಿದವಳು ಅಮ್ಮ, ಅದರಿಂದ ಸತ್ತವಳೂ ಅಮ್ಮ. ಆದರೆ ವೈದ್ಯಕೀಯ ಪುಸ್ತಕಗಳಲ್ಲಿ ಅದನ್ನು ಮೊದಲು ಗುರುತಿಸಿದ ಡಾಕ್ಟರರ ಹೆಸರಿನಿಂದಲೇ ಕರೆಯುತ್ತಾರೆ. ಅವರನ್ನು ಆಸ್ಪತ್ರೆಯಲ್ಲೂ ನಮ್ಮ ಬೀದಿಯಲ್ಲೂ ಎಲ್ಲರೂ ದೊಡ್ಡ ಡಾಕ್ಟರು ಅನ್ನುತ್ತಿದ್ದುದರಿಂದ ನಮ್ಮ ಮನೆಯಲ್ಲಿ ಅದು 'ದೊಡ್ಡ ಡಾಕ್ಟರ ಕಾಯಿಲೆ'. ಚಿಕ್ಕವಳಿದ್ದಾಗ ನಾನು, ಪಾಪ ಆ ಡಾಕ್ಟರಿಗೂ ಹುಷಾರಿಲ್ಲವೇನೋ ಅಂದುಕೊಂಡಿದ್ದೆ.

ನಾನು ಬಟ್ಟೆ ರಿಪೇರಿ ಮಾಡುವವಳು. ಅಂಗಡಿ ಚಿಕ್ಕಮ್ಮನದು, ಅದಕ್ಕೂ ಮೊದಲು ಅಮ್ಮನದು. ಹೊಸ ಬಟ್ಟೆ ಹೊಲಿಸುವವರು ಈಗ ಅಪರೂಪ. ಉದ್ದದ ತೋಳು ಗಿಡ್ಡ ಮಾಡುವುದು, ದಪ್ಪಗಾದವರ ಸೊಂಟ ಬಿಡಿಸುವುದು, ಸಣ್ಣಗಾಗುತ್ತೇನೆ ಅಂತ ಶಪಥ ಮಾಡಿದವರ ಸೊಂಟ ಹಿಡಿಸಿ ಮುಂದಿನ ತಿಂಗಳು ಮತ್ತೆ ಬಿಡಿಸುವುದು, ಕಿತ್ತುಹೋದ ಜಿಪ್ಪು ಬದಲಿಸುವುದು, ಇದೇ ನಮ್ಮ ಹೊಟ್ಟೆಪಾಡು. ಕಾಜಾ ಹಾಕುವ ಕೆಲಸ, ಅಂದರೆ ಗುಂಡಿಯ ತೂತಿನ ಸುತ್ತ ದಾರ ಕಟ್ಟುವುದು, ಅದನ್ನು ಮಾತ್ರ ನಾವು ಇನ್ನೂ ಕೈಯಲ್ಲೇ ಮಾಡುತ್ತೇವೆ. ಅಮ್ಮ ಚಿಕ್ಕಮ್ಮನಿಗೆ ಕಲಿಸಿದಳು, ಚಿಕ್ಕಮ್ಮ ನನಗೆ. ನನ್ನ ಮಗಳ ಕೈಗೆ ಇನ್ನೂ ಸೂಜಿ ಕೊಟ್ಟಿಲ್ಲ.

ಒಂದು ಚಳಿಗಾಲದಲ್ಲಿ ನನ್ನ ಬೆರಳ ತುದಿಗಳು ಬೆಳಗಿನ ಹೊತ್ತು ಬಿಳಿಚಿಕೊಳ್ಳತೊಡಗಿದವು. ವಯಸ್ಸಾಯಿತು, ರಕ್ತ ಕಡಿಮೆ ಅಂತ ಸುಮ್ಮನಿದ್ದೆ. ಆಮೇಲೆ ಬೆರಳ ಚರ್ಮ ಬಿಗಿಯಾಗುತ್ತಾ ಬಂತು, ಒಂದು ಅಳತೆ ಚಿಕ್ಕದಾದ ಕೈಗವಸು ಹಾಕಿಕೊಂಡ ಹಾಗೆ. ಒಂದು ಮಧ್ಯಾಹ್ನ ಬಿಳಿ ಕೋಟಿಗೆ ಕಾಜಾ ಹಾಕುತ್ತಿದ್ದಾಗ ಚಿಕ್ಕಮ್ಮ ಕಿರುಚಿದಳು. ನೋಡಿದರೆ ಕೋಟಿನ ಮೇಲೆ ಕೆಂಪು ಚುಕ್ಕೆಗಳು. ಸೂಜಿ ನನ್ನ ಬೆರಳನ್ನು ಎಷ್ಟು ಸಲ ಚುಚ್ಚಿತ್ತೋ, ನನಗೆ ಗೊತ್ತೇ ಆಗಿರಲಿಲ್ಲ.

ಚಿಕ್ಕಮ್ಮ ನನ್ನ ಕೈ ಎಳೆದುಕೊಂಡು ಒಂದೊಂದೇ ಬೆರಳನ್ನು ಒತ್ತಿ ನೋಡಿದಳು. ಎದ್ದು ಇಸ್ತ್ರಿ ಪೆಟ್ಟಿಗೆಯ ಸ್ವಿಚ್ಚು ಆರಿಸಿದಳು, ಅಂಗಡಿಯ ಬಾಗಿಲು ಎಳೆದಳು, ಚಪ್ಪಲಿ ಹುಡುಕಿದಳು.

"ನಡಿ," ಅಂದಳು.

"ಎಲ್ಲಿಗೆ?"

"ಎಲ್ಲಿಗೆ ಅಂತ ನಿಂಗೂ ಗೊತ್ತು ಕಣೆ. ಸುಮ್ನೆ ನಡಿ."

ಅಮ್ಮ ಸತ್ತ ಆಸ್ಪತ್ರೆಗೇ ಹೋದೆವು. ದೊಡ್ಡ ಡಾಕ್ಟರು ನಿವೃತ್ತರಾಗಿ ಎಷ್ಟೋ ಕಾಲವಾಗಿತ್ತು. ಚರ್ಮದ ವಿಭಾಗದ ಹೊರಗೋಡೆಯಲ್ಲಿ ಅವರ ದೊಡ್ಡ ಚಿತ್ರ ನೇತು ಹಾಕಿದ್ದರು: ಬಿಳಿ ಕೋಟು, ಅಗಲ ಹಣೆ, ನೇರ ನೋಟ. ಕಣ್ಣು ಎಷ್ಟು ಚೆನ್ನಾಗಿ ಬಿದ್ದಿತ್ತೆಂದರೆ, ಸಾಲಿನಲ್ಲಿ ಎಲ್ಲಿ ನಿಂತರೂ ನಮ್ಮನ್ನೇ ನೋಡುತ್ತಿದ್ದರು.

ಒಳಗೆ ಕುಳಿತಿದ್ದಾಕೆ ಇನ್ನೂ ಎಳೆ ವಯಸ್ಸಿನವಳು. ಚಿಕ್ಕಮ್ಮ ಅಲ್ಲೇ ಆಕೆಗೆ 'ಹುಡುಗಿ ಡಾಕ್ಟರು' ಅಂತ ಹೆಸರಿಟ್ಟಳು. ಹುಡುಗಿ ಡಾಕ್ಟರು ನನ್ನ ಬೆರಳು ಒತ್ತಿದಳು, ಕೆನ್ನೆ ಚಿವುಟಲು ನೋಡಿದಳು, ಬಾಯಿ ಅಗಲಿಸಲು ಹೇಳಿದಳು. ನೋಡುತ್ತ ನೋಡುತ್ತ ಆಕೆಯ ಮುಖ ಅರಳಿತು. ಮರುಕ್ಷಣವೇ, ಅರಳಿದ್ದು ತಪ್ಪಾಯಿತೆಂದು ತಿಳಿದು ಕೆಂಪಾದಳು. ಸಿಟ್ಟು ಬರಬೇಕಿತ್ತು, ಬರಲಿಲ್ಲ. ಅಪರೂಪದ ಹಳೇ ಕಸೂತಿ ಕೈಗೆ ಸಿಕ್ಕರೆ ನನ್ನ ಮುಖವೂ ಹಾಗೇ ಆಗುತ್ತದೆ, ಅದರ ಒಡತಿ ಅಳುತ್ತಾ ನಿಂತಿದ್ದರೂ.

"ಅಕ್ಕಾ, ನಿಮ್ಮ ಮನೇಲಿ ಯಾರಿಗಾದ್ರೂ ಹೀಗೆ ಆಗಿತ್ತಾ?"

"ನಮ್ಮಮ್ಮನಿಗೆ. ಇದೇ ಆಸ್ಪತ್ರೇಲಿ. ದೊಡ್ಡ ಡಾಕ್ಟರೇ ನೋಡಿದ್ದು."

"ಹೊಲಿಗೆ ಕೆಲಸ ಮಾಡ್ತಿದ್ರಾ?"

"ಹೌದು."

ಆಕೆ ಕುರ್ಚಿಯಿಂದ ಎದ್ದೇಬಿಟ್ಟಳು. ದೊಡ್ಡ ಡಾಕ್ಟರ ಜೀವನಚರಿತ್ರೆ ಬರೆಯುತ್ತಿದ್ದಳಂತೆ. ಅವರಿಗೆ ಹೆಸರು ತಂದ ಆ ಮೊದಲ ರೋಗಿಯ ವರದಿಯನ್ನು ಬಾಯಿಪಾಠವಾಗುವಷ್ಟು ಓದಿದ್ದಳಂತೆ. ನನ್ನನ್ನು ಅಡಿಯಿಂದ ಮುಡಿವರೆಗೆ ನೋಡಿದಳು, ನಾನೇನೋ ರಾಜವಂಶದವಳು ಅನ್ನುವ ಹಾಗೆ.

"ವರದಿ ನೋಡ್ತೀರಾ? ಅದರಲ್ಲಿ ನಿಮ್ಮ ತಾಯಿಯವರ ಫೋಟೋ ಇದೆ."

ಇಲ್ಲಿ ಒಂದು ವಿಷಯ ಹೇಳಬೇಕು. ನಮ್ಮ ಮನೆಯಲ್ಲಿ ಅಮ್ಮನ ಫೋಟೋ ಇಲ್ಲ. ಒಂದೂ ಇಲ್ಲ. ಅಪ್ಪ ಲಾರಿ ಓಡಿಸುತ್ತಿದ್ದವರು, ನಾನು ಹುಟ್ಟಿದ ವರ್ಷವೇ ರಸ್ತೆ ಅಪಘಾತದಲ್ಲಿ ತೀರಿಹೋದರು. ಅವರ ಲೈಸೆನ್ಸಿನ ಫೋಟೋ ದೊಡ್ಡದು ಮಾಡಿಸಿ ಗೋಡೆಗೆ ಹಾಕಿದ್ದೇವೆ. ಅಮ್ಮನಿಗೆ ಲೈಸೆನ್ಸು ಇರಲಿಲ್ಲ, ಫೋಟೋ ತೆಗೆಸಿಕೊಳ್ಳುವ ಶೋಕಿಯೂ ಇರಲಿಲ್ಲ. ಕಾಯಿಲೆ ಬಂದ ಮೇಲಂತೂ ಕನ್ನಡಿಯನ್ನೇ ಗೋಡೆಗೆ ತಿರುಗಿಸಿ ಇಟ್ಟಿದ್ದಳಂತೆ. ಮುಖ ಬಿಗಿದುಕೊಂಡ ಮೇಲೆ, ಮಗು ಹೆದರುತ್ತೆ ಅಂತ, ನನ್ನನ್ನು ಆಸ್ಪತ್ರೆಗೆ ಕರೆತರಬಾರದು ಅಂತ ಕಟ್ಟಪ್ಪಣೆ ಮಾಡಿದಳು. ನನಗೆ ನೆನಪಿರುವುದು ಅವಳ ದನಿ, ಇಸ್ತ್ರಿಯ ಹಬೆಯ ವಾಸನೆ, ಕೆನ್ನೆಗೆ ತಾಗಿದ ತಣ್ಣನೆಯ ಬೆರಳು. ಮುಖ ನೆನಪಿಲ್ಲ. ಎಷ್ಟು ತಲೆ ಕೆರೆದುಕೊಂಡರೂ ಇಲ್ಲ.

ಹುಡುಗಿ ಡಾಕ್ಟರು ದಪ್ಪ ಸಂಪುಟ ತಂದು ಮೇಜಿನ ಮೇಲೆ ಬಿಡಿಸಿದಳು. ಹಾಳೆ ಹಳದಿಯಾಗಿತ್ತು. ಚಿಕ್ಕಮ್ಮ ನನಗಿಂತ ಮೊದಲೇ ಬಗ್ಗಿದಳು.

ಅಮ್ಮ ಕುರ್ಚಿಯ ಮೇಲೆ ಕೂತಿದ್ದಳು. ತೊಡೆಯ ಮೇಲೆ ಎರಡು ಕೈ, ಬೆರಳುಗಳು ಕೊಕ್ಕೆಗಳ ಹಾಗೆ ಮಡಚಿಕೊಂಡಿದ್ದವು. ಬಾಯಿ ಗುಂಡಿಯ ತೂತಿನಷ್ಟು ಸಣ್ಣದಾಗಿ, ಸುತ್ತ ನೆರಿಗೆ ಹಿಡಿದ ಹಾಗಿತ್ತು. ಕೆನ್ನೆಯಲ್ಲಿ ಒಂದು ಗೆರೆಯಿಲ್ಲ, ನುಣ್ಣಗೆ ಹೊಳೆಯುತ್ತಿತ್ತು. ಮತ್ತೆ, ಒಂದು ಕಿವಿಯಿಂದ ಇನ್ನೊಂದು ಕಿವಿಯವರೆಗೆ, ಎರಡೂ ಕಣ್ಣಿನ ಮೇಲೆ ಅಡ್ಡಲಾಗಿ ಒಂದು ಕಪ್ಪು ಪಟ್ಟಿ.

"ಇದೇನು?" ಅಂದೆ.

"ಆಗಿನ ಪದ್ಧತಿ ಅಕ್ಕಾ. ರೋಗಿ ಯಾರು ಅಂತ ಗೊತ್ತಾಗಬಾರದು ಅಂತ ಕಣ್ಣಿಗೆ ಪಟ್ಟಿ ಅಂಟಿಸ್ತಿದ್ರು. ಗೌರವಕ್ಕೆ."

ಗೌರವ! ಚಿಕ್ಕಮ್ಮ ನನಗೆ ಬುದ್ಧಿ ಬಂದಾಗಿನಿಂದ ಹೇಳುತ್ತಿದ್ದ ಮಾತು ಒಂದಿತ್ತು. 'ಕೊನೆಕೊನೆಗೆ ನಿಮ್ಮಮ್ಮನ ಮುಖದಲ್ಲಿ ಉಳಿದಿದ್ದು ಕಣ್ಣೊಂದೇ ಕಣೆ. ಬಾಯಿ ಆಡ್ತಿರ್ಲಿಲ್ಲ, ಹುಬ್ಬು ಏಳ್ತಿರ್ಲಿಲ್ಲ. ಕಣ್ಣಲ್ಲೇ ಬೈತಿದ್ಲು, ಕಣ್ಣಲ್ಲೇ ನಗ್ತಿದ್ಲು.' ಕಾಯಿಲೆ ಅವಳ ಮುಖದಲ್ಲಿ ಎಲ್ಲವನ್ನೂ ತಿಂದು ಒಂದೇ ಒಂದು ಜಾಗ ಬಿಟ್ಟಿತ್ತು. ಸರಿಯಾಗಿ ಆ ಜಾಗವನ್ನೇ ಡಾಕ್ಟರರು ಮುಚ್ಚಿದ್ದರು.

ಹುಡುಗಿ ಡಾಕ್ಟರು ವರದಿಯನ್ನು ನಮ್ಮ ಭಾಷೆಯಲ್ಲಿ ಹೇಳುತ್ತಾ ಹೋದಳು. ರೋಗಿ ಹೊಲಿಗೆ ಕೆಲಸದ ಮಹಿಳೆ, ವಿಧವೆ, ಒಂದು ಮಗುವಿನ ತಾಯಿ. ಆ ಒಂದು ಮಗು ನಾನು. ಹೀಗೆ ನಾನೂ ವೈದ್ಯಕೀಯ ಚರಿತ್ರೆಯಲ್ಲಿ ಸೇರಿಕೊಂಡಿದ್ದೇನೆ. ಬೆರಳುಗಳ ಬಗ್ಗೆ ಒಂದು ಪುಟ, ಬಾಯಿಯ ಬಗ್ಗೆ ಅರ್ಧ ಪುಟ. ಚಮಚ ಹಿಡಿಯಲಾಗದು. ಗುಂಡಿ ಹಾಕಿಕೊಳ್ಳಲಾಗದು. ಮುಖದಲ್ಲಿ ಯಾವ ಭಾವವೂ ಕಾಣದು. ಆಮೇಲೆ ಒಂದೇ ಒಂದು ಸಾಲು: ಕಣ್ಣುಗಳಲ್ಲಿ ವಿಶೇಷವೇನೂ ಇಲ್ಲ.

"ಅಂದ್ರೆ ಕಣ್ಣಿಗೆ ಕಾಯಿಲೆ ತಾಗಿರಲಿಲ್ಲ ಅಂತ," ಅಂದಳು ಆಕೆ.

"ಗೊತ್ತಾಯ್ತು ಬಿಡಿ," ಅಂದೆ.

ಆ ಪುಟದ ನಕಲು ಮಾಡಿಸಿಕೊಂಡು ಮನೆಗೆ ಬಂದೆವು. ಚಿಕ್ಕಮ್ಮ ಅದನ್ನು ಕತ್ತರಿಸುವ ಮೇಜಿನ ಮೇಲೆ ಹಾಸಿ, ದೀಪ ಹತ್ತಿರ ಎಳೆದು, ಬೆರಳಲ್ಲಿ ಸವರಿದಳು.

"ಈ ಅಂಗಿಯ ಕಾಜಾ ನೋಡು. ಹರೀಬಾರ್ದು ಅಂತ ಎರಡೂ ತುದಿಗೆ ಅಡ್ಡಗಟ್ಟು ಹಾಕಿದಾಳೆ. ಆಸ್ಪತ್ರೆಯವರ ಅಂಗಿ ಗೋಣಿಚೀಲ ಇದ್ದ ಹಾಗಿದೆ, ನಾನು ಹಾಕ್ಕೊಳಲ್ಲ ಅಂತ ಹಟ. ಬೆರಳು ಪೂರ್ತಿ ಮಡಚೋಕೆ ಮುಂಚೆ ತಾನೇ ಹೊಲ್ಕೊಂಡ್ಲು."

"ಚಿಕ್ಕಮ್ಮಾ, ಕಣ್ಣು ಹೇಗಿತ್ತು?"

ಚಿಕ್ಕಮ್ಮ ಯೋಚಿಸಿದಳು. ಅವಳಿಗೆ ಮಾತಿಗೆ ಬರವಿಲ್ಲ. ಎದುರುಮನೆಯವರ ಜಗಳವನ್ನು ಒಂದು ಗಂಟೆ ವರ್ಣಿಸಬಲ್ಲಳು. ಆದರೆ ಅಂದು ಬಾಯಿ ತೆರೆದು, ಮುಚ್ಚಿ, ಮತ್ತೆ ತೆರೆದಳು. "ಕಣ್ಣು ಅಂದ್ರೆ... ಕಣ್ಣಿನ ಹಾಗೇ ಇತ್ತು ಕಣೆ. ಹೇಗೆ ಹೇಳ್ಲಿ?"

"ನನ್ನ ಹಾಗಾ?"

ಒಂದು ಸುಳ್ಳು ಹೇಳಿದ್ದರೆ ಅವಳ ಗಂಟೇನೂ ಹೋಗುತ್ತಿರಲಿಲ್ಲ. ಆದರೆ ಚಿಕ್ಕಮ್ಮನಿಗೆ ಸುಳ್ಳು ಬರುವುದಿಲ್ಲ. ಗೋಡೆಯ ಮೇಲಿನ ಲೈಸೆನ್ಸಿನ ಫೋಟೋ ಕಡೆ ಗಲ್ಲ ಎತ್ತಿ ತೋರಿಸಿದಳು. "ನಿಂದು ನಿಮ್ಮಪ್ಪನ ಕಣ್ಣು. ಮೂಗು ಅವಳದು, ಹಟ ಅವಳದು. ಕಣ್ಣು ಮಾತ್ರ ಬರ್ಲಿಲ್ಲ ನಿಂಗೆ."

ನಾನು ಎದ್ದು ಒಳಗೆ ಹೋಗಿ ಕನ್ನಡಿ ಮುಂದೆ ನಿಂತೆ. ಬಾಯಿಯ ಸುತ್ತ ಬಿಗಿಯುತ್ತಿರುವುದು ಆಗಲೇ ಕಾಣುತ್ತಿತ್ತು. ಕೆನ್ನೆಯೂ ನುಣ್ಣಗಾಗುತ್ತಿತ್ತು. ಫೋಟೋದಲ್ಲಿದ್ದ ಮುಖ ಒಂದೊಂದೇ ಹೆಜ್ಜೆ ಇಡುತ್ತಾ ನನ್ನ ಕಡೆಗೆ ಬರುತ್ತಿತ್ತು. ಕಣ್ಣೊಂದನ್ನು ಬಿಟ್ಟು ಅಮ್ಮನ ಎಲ್ಲವೂ ನನಗೆ ಸಿಗುವುದಿತ್ತು. ಆಗ ನಿರ್ಧಾರ ಮಾಡಿದೆ: ಒಂದು ಸಲ, ಒಂದೇ ಒಂದು ಸಲ, ಅಮ್ಮನ ಕಣ್ಣು ನೋಡಬೇಕು. ಔಷಧಿಯಂತೂ ಇಲ್ಲವಂತೆ, ಹೋಗಲಿ. ಇದಾದರೂ ಸಿಗಲಿ.

ಮತ್ತೆ ಹುಡುಗಿ ಡಾಕ್ಟರ ಮುಂದೆ ಕೂತೆ. ಪಟ್ಟಿ ಹಾಕದ ಫೋಟೋ ಬೇಕು ಅಂದೆ. ಆಕೆ ಪಾಪ ಆಸ್ಪತ್ರೆಯೆಲ್ಲ ಸುತ್ತಿದಳು. ಹಿಂದೆ ಫೋಟೋ ತೊಳೆಯುತ್ತಿದ್ದ ಕೋಣೆಯಲ್ಲಿ ಈಗ ಸ್ಕ್ಯಾನಿಂಗ್ ಯಂತ್ರ ಕೂತಿತ್ತು, ಹಳೆಯ ನೆಗೆಟಿವುಗಳು ಕಸಕ್ಕೆ ಹೋಗಿ ಕಾಲವಾಗಿತ್ತು.

"ದೊಡ್ಡ ಡಾಕ್ಟರ ಮನೇಲಿ ಪಾಠಕ್ಕೆ ಬಳಸ್ತಿದ್ದ ಗಾಜಿನ ಸ್ಲೈಡ್‌ಗಳಿವೆ. ಅದರಲ್ಲಿ ಇರಬಹುದು," ಅಂದಳು. ಆಮೇಲೆ ಪೆನ್ನನ್ನು ತಿರುಗಿಸುತ್ತಾ, "ಅಕ್ಕಾ, ನಾನೂ ಒಂದು ಕೇಳ್ಲಾ? ತಾಯಿಗೂ ಮಗಳಿಗೂ ಬಂದಿರೋದು ಇದೇ ಮೊದಲು. ನಿಮ್ಮ ಬಗ್ಗೆ ವರದಿ ಬರೀಬೇಕು."

"ನಮ್ಮ ವಂಶದವರು ಎಲ್ಲದರಲ್ಲೂ ಮೊದಲು," ಅಂದೆ. ಆಕೆಗೆ ನಗಬೇಕೋ ಬೇಡವೋ ತಿಳಿಯಲಿಲ್ಲ. "ಹಾಗಾದ್ರೆ ನನ್ನ ಮಗಳಿಗೆ?"

ಆಕೆ ತಲೆ ತಗ್ಗಿಸಿದಳು. "ಗೊತ್ತಿಲ್ಲ. ಅದಕ್ಕೇ ಬರೀಬೇಕು ಅಕ್ಕಾ."

ಮಗಳು ಇನ್ನೂ ಸ್ಕೂಲಿಗೆ ಹೋಗುವವಳು. ಅವಳ ಬೆರಳುಗಳು ಬೆಚ್ಚಗಿವೆ. ಪ್ರತಿ ಬೆಳಿಗ್ಗೆ ಜಡೆ ಹಾಕುವ ನೆಪದಲ್ಲಿ ಮುಟ್ಟಿ ನೋಡುತ್ತೇನೆ. ಬರೆಯಿರಿ ಅಂದೆ.

ದೊಡ್ಡ ಡಾಕ್ಟರ ಮನೆಗೆ ನಾನೂ ಹುಡುಗಿ ಡಾಕ್ಟರೂ ಇಬ್ಬರೇ ಹೋದೆವು, ಚಿಕ್ಕಮ್ಮ ಬರಲಿಲ್ಲ. "ಆ ಮನುಷ್ಯ ಅವಳನ್ನ ದೇವರ ಹಾಗೆ ನೋಡ್ಕೊಂಡ, ಆದ್ರೆ ಉಳಿಸ್ಕೊಡ್ಲಿಲ್ಲ. ಎದುರಿಗೆ ನಿಂತ್ರೆ ಕೈ ಮುಗೀಬೇಕೋ ಬೈಬೇಕೋ ಗೊತ್ತಾಗಲ್ಲ ನಂಗೆ," ಅಂದಿದ್ದಳು.

ದಾರಿಯುದ್ದಕ್ಕೂ ಹುಡುಗಿ ಡಾಕ್ಟರು ಅವರ ಕಥೆ ಹೇಳಿದಳು. ಅವರು ಕೆಲಸಕ್ಕೆ ಸೇರಿದಾಗ ಚರ್ಮದ ವಿಭಾಗ ಅಂದರೆ ಆಸ್ಪತ್ರೆಯ ಹಿಂದೆ, ಬಟ್ಟೆ ಒಗೆಯುವ ಕಟ್ಟೆಯ ಪಕ್ಕದ ಒಂದು ತಗಡಿನ ಶೆಡ್ಡು. ಬೇರೆ ಡಾಕ್ಟರರು ಬಾಗಿಲಲ್ಲೇ ನಿಂತು ಕೋಲಿನ ತುದಿಯಿಂದ ತೋರಿಸಿ ಔಷಧಿ ಬರೆಯುತ್ತಿದ್ದರಂತೆ. ಇವರು ಮೊದಲ ದಿನವೇ ಒಳಗೆ ಹೋಗಿ ಎಲ್ಲರ ಕೈ ಕುಲುಕಿದರಂತೆ. ಆ ಕೈ ಕುಲುಕುವುದರಲ್ಲೇ ಅವರಿಗೆ ಕಾಯಿಲೆ ತಿಳಿಯುತ್ತಿತ್ತಂತೆ. ಹೊರದೇಶದ ಸಭೆಗಳಲ್ಲಿ ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರಂತೆ. ಇಷ್ಟಾಗಿಯೂ ಒಬ್ಬ ರೋಗಿಯ ಹೆಸರನ್ನೂ ಎಲ್ಲೂ ಬಾಯಿಬಿಟ್ಟವರಲ್ಲವಂತೆ. ಆಕೆ ಹೇಳುವ ರೀತಿಯಲ್ಲಿ ಭಕ್ತಿಯಿತ್ತು. ನಾನು ಹೂಂಗುಡುತ್ತಾ ಹೋದೆ. ಅಷ್ಟು ಜನ ಚಪ್ಪಾಳೆ ತಟ್ಟಿದಾಗ ಹಿಂದಿನ ಪರದೆಯ ಮೇಲೆ ಕಪ್ಪು ಪಟ್ಟಿ ಕಟ್ಟಿಕೊಂಡು ಅಮ್ಮ ಕೂತಿದ್ದಳಲ್ಲ, ನನಗೆ ಅದೊಂದೇ ಕಾಣುತ್ತಿತ್ತು.

ಅವರು ಮಹಡಿಯ ಕೋಣೆಯಲ್ಲಿ, ಕಿಟಕಿ ಪಕ್ಕ, ಗಾಲಿಕುರ್ಚಿಯಲ್ಲಿದ್ದರು. ಗೋಡೆಯ ಚಿತ್ರದಲ್ಲಿದ್ದ ಅಗಲ ಹಣೆ ಹಾಗೇ ಇತ್ತು, ಮಿಕ್ಕಿದ್ದೆಲ್ಲ ಕುಗ್ಗಿತ್ತು. ಹುಡುಗಿ ಡಾಕ್ಟರು ನಾನು ಯಾರೆಂದು ಹೇಳುವ ಮೊದಲೇ ಅವರು ಅಭ್ಯಾಸಬಲದಿಂದ ಕೈ ಚಾಚಿದರು. ನಾನೂ ಚಾಚಿದೆ. ಹಿಡಿದ ಕೈಯನ್ನು ಅವರು ಬಿಡಲಿಲ್ಲ. ಹೆಬ್ಬೆರಳಿನಿಂದ ನನ್ನ ಬೆರಳ ಬೆನ್ನನ್ನು ಮೆಲ್ಲಗೆ ಒತ್ತಿದರು, ಒಂದು, ಆಮೇಲೆ ಇನ್ನೊಂದು. ಅವರ ಮುಖ ಅರಳಲಿಲ್ಲ. ಇಳಿದುಹೋಯಿತು.

"ಯಾವಾಗಿಂದ ತಾಯಿ?"

"ಈ ಚಳಿಗಾಲದಿಂದ. ನಮ್ಮಮ್ಮನ್ನೂ ನೀವೇ ನೋಡಿದ್ರಿ. ಕಾಜಾ ಹಾಕ್ತಿದ್ಲು."

ನನ್ನ ಕೈಯನ್ನು ಮೆಲ್ಲಗೆ ನನ್ನ ತೊಡೆಯ ಕಡೆಗೆ ಇಳಿಸಿದರು. "ಹೆಸರು ಕೊಟ್ಟೆ ಅದಕ್ಕೆ," ಅಂದರು. "ಔಷಧಿ ಕೊಡೋಕಾಗ್ಲಿಲ್ಲ. ಈಗ್ಲೂ ಇಲ್ಲ, ಅಲ್ವೇನಮ್ಮಾ?" ಅಂತ ಹುಡುಗಿ ಡಾಕ್ಟರ ಕಡೆ ತಿರುಗಿದರು. ಆಕೆ ಇಲ್ಲವೆಂದು ತಲೆಯಾಡಿಸಿದಳು.

ನಾನು ಬಂದ ಕೆಲಸ ಹೇಳಿದೆ. ಅವರ ಬೆನ್ನು ನೆಟ್ಟಗಾಯಿತು.

"ಅದು ಮಾತ್ರ ಕೇಳ್ಬೇಡಮ್ಮ. ಆಗಲ್ಲ."

"ಯಾಕಾಗಲ್ಲ? ನಾನು ಮಗಳು."

"ಮಗಳಿಗೇ ತೋರಿಸಲ್ಲ ಅಂತ ಮಾತು ಕೊಟ್ಟಿದ್ದೀನಿ. ಫೋಟೋ ತೆಗೆಯೋಕೆ ಒಪ್ಪಿದ್ದೇ ಆ ಮಾತಿನ ಮೇಲೆ. 'ನನ್ನಿಂದ ನಾಲ್ಕು ಜನಕ್ಕೆ ಉಪಯೋಗ ಆಗೋದಾದ್ರೆ ತೆಗೀರಿ ಡಾಕ್ಟ್ರೇ. ಆದ್ರೆ ಈ ಮುಖ ನನ್ನ ಮಗು ಕಣ್ಣಿಗೆ ಬೀಳ್ಬಾರ್ದು' ಅಂದಿದ್ರು. ನಾನು ಇವತ್ತಿನವರೆಗೆ ಯಾರ ಪಟ್ಟಿನೂ ತೆಗೆದವನಲ್ಲ."

ಅಮ್ಮ ಆಡಿದ ಮಾತು ನನ್ನ ಕಿವಿಗೆ ಬಿದ್ದದ್ದು ಎಷ್ಟು ವರ್ಷಗಳ ಮೇಲೆ! ಅದೂ ನನಗೆ ಬೇಡವೆನ್ನುವ ಮಾತು. ಸಿಟ್ಟು ಬಂತು. ಅಮ್ಮನ ಮೇಲೋ ಅವರ ಮೇಲೋ ತಿಳಿಯಲಿಲ್ಲ.

ಕುರ್ಚಿಯನ್ನು ಕಿಟಕಿಯ ಬೆಳಕಿಗೆ ಎಳೆದು, ಅವರ ಎದುರು ಕೂತೆ. "ನನ್ನ ಮುಖ ನೋಡಿ ಸ್ವಾಮಿ. ಬಾಯಿ ನೋಡಿ. ಇನ್ನು ಒಂದೆರಡು ವರ್ಷಕ್ಕೆ ಇದೇ ಮುಖ ನನಗೂ ಬರುತ್ತಲ್ಲ? ದಿನಾ ಬೆಳಿಗ್ಗೆ ಕನ್ನಡೀಲಿ ನೋಡ್ತೀನಲ್ಲ? ಅಮ್ಮ ನನ್ನಿಂದ ಮುಚ್ಚಿಟ್ಟಿದ್ದು ನನ್ನ ಮೇಲೇ ಬಂದು ಕೂತಿದೆ. ಇನ್ನು ನೀವು ಯಾವುದನ್ನ ಕಾಪಾಡ್ತಿದ್ದೀರಿ? ನಂಗೆ ಬೇಕಾಗಿರೋದು ಕಾಯಿಲೆ ಅಲ್ಲ. ಕಾಯಿಲೆ ನನ್ನ ಹತ್ರ ಇದೆ. ಕಣ್ಣು ಬೇಕು ನಂಗೆ."

ಅವರು ನೋಡಿದರು. ಡಾಕ್ಟರು ನೋಡುವ ಹಾಗಲ್ಲ, ಸುಮ್ಮನೆ ಮನುಷ್ಯರು ನೋಡುವ ಹಾಗೆ. ಆಮೇಲೆ ಬೀರುವಿನ ಕಡೆಗೆ ಬೆರಳು ಮಾಡಿದರು.

ಮರದ ಪೆಟ್ಟಿಗೆಯಲ್ಲಿ ಗಾಜಿನ ಸ್ಲೈಡ್‌ಗಳು ಸಾಲಾಗಿ ನಿಂತಿದ್ದವು. ಮೊದಲನೆಯದೇ ಅಮ್ಮ. ಅಂಗೈಯಲ್ಲಿ ಹಿಡಿಯುವಷ್ಟು ಗಾಜು, ಅದರ ಹೊರಮೈ ಮೇಲೆ ಕಪ್ಪು ಕಾಗದದ ಚೂರು. ಅದನ್ನು ಕತ್ತರಿಸಿ ಅಂಟಿಸಿದ್ದು ತಾವೇ ಅಂದರು, ಇಂಥ ಕೆಲಸ ಬೇರೆಯವರಿಗೆ ಕೊಡುತ್ತಿರಲಿಲ್ಲವಂತೆ. ಈಗ ಅವರ ಕೈ ನಡುಗುತ್ತಿತ್ತು, ನನ್ನ ಬೆರಳು ಮಡಚುತ್ತಿರಲಿಲ್ಲ. ಹುಡುಗಿ ಡಾಕ್ಟರೇ ಒದ್ದೆ ಹತ್ತಿ ಒತ್ತಿ, ಕಾಗದ ನೆನೆಯಲು ಬಿಟ್ಟು, ಉಗುರಿನಿಂದ ಒಂದು ಮೂಲೆ ಎಬ್ಬಿಸಿದಳು. ಕಾಗದ ಹದವಾಗಿ, ಪೂರ್ತಿಯಾಗಿ ಎದ್ದು ಬಂತು. ಗಾಜು ಒರೆಸಿ ನನ್ನ ಕೈಗೆ ಕೊಟ್ಟಳು. ನನಗಿಂತ ಮೊದಲು ತಾನು ನೋಡಲಿಲ್ಲ. ಆ ಒಂದು ಕಾರಣಕ್ಕೆ ಅವಳನ್ನು ಇವತ್ತಿಗೂ ನೆನೆಯುತ್ತೇನೆ.

ನಾನು ಅದನ್ನು ಕಿಟಕಿಗೆ ಹಿಡಿದೆ.

ಅಮ್ಮ ಕಣ್ಣು ಮುಚ್ಚಿಕೊಂಡಿದ್ದಳು.

ಮೊದಲು ನಂಬಲಿಲ್ಲ. ಗಾಜು ತಿರುಗಿಸಿದೆ, ಹತ್ತಿರ ತಂದೆ, ದೂರ ಹಿಡಿದೆ. ಎರಡೂ ರೆಪ್ಪೆಗಳು ಭದ್ರವಾಗಿ ಮುಚ್ಚಿದ್ದವು. ಪಟ್ಟಿಯ ಕೆಳಗೆ ಇನ್ನೊಂದು ಪಟ್ಟಿ. ಕುರ್ಚಿಯಲ್ಲಿ ಕೂತು ಗಾಜನ್ನು ದೊಡ್ಡ ಡಾಕ್ಟರಿಗೆ ಕೊಟ್ಟೆ.

"ಮುಚ್ಚಿದಾಳೆ," ಅಂದೆ. "ನೋಡಿ, ಮುಚ್ಚಿದಾಳೆ."

ಅವರು ಕನ್ನಡಕ ಹಣೆಗೇರಿಸಿ ಗಾಜನ್ನು ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದರು. ಅವರ ಬಾಯಿ ಏನೋ ಹುಡುಕುತ್ತಿತ್ತು. ಮರೆತದ್ದು ಮೆಲ್ಲಗೆ ಮೇಲೆ ಬರುತ್ತಿತ್ತು.

"ಅವರು ತುಂಬಾ ನಾಚ್ಕೊಂಡಿದ್ರು," ಅಂದರು. "ಕ್ಯಾಮೆರಾ ಮುಂದೆ ತಲೆ ಎತ್ತಲಿಲ್ಲ. ಧೈರ್ಯ ಹೇಳೋಣ ಅಂತ ನಾನಂದೆ, 'ಹೆದರ್ಬೇಡಿ ಅಮ್ಮ, ಕಣ್ಣು ಯಾರಿಗೂ ಕಾಣಲ್ಲ, ಹೇಗೂ ಅದನ್ನ ಮುಚ್ಚಿಬಿಡ್ತೀವಿ' ಅಂತ. ತಲೆ ಎತ್ತಿದ್ರು. 'ಹೇಗೂ ಮುಚ್ಚೋದೇ ಆದ್ರೆ ನಿಮಗ್ಯಾಕೆ ಡಾಕ್ಟ್ರೇ ತೊಂದರೆ, ನಾನೇ ಮುಚ್ಕೋತೀನಿ' ಅಂದ್ರು. ಕೋಣೇಲಿದ್ದವರೆಲ್ಲ ನಕ್ಕುಬಿಟ್ವಿ. ಆ ನಗುವಿನಲ್ಲೇ ಫೋಟೋ ತೆಗೆದದ್ದು."

ಹುಡುಗಿ ಡಾಕ್ಟರು ಮುಖ ಆಚೆ ತಿರುಗಿಸಿಕೊಂಡಳು. ನಾನು ಅಳಲಿಲ್ಲ. ಅಳುವುದಕ್ಕೆ ಮೊದಲು ನನಗೊಂದು ಅನುಮಾನ ಬಂತು.

"ಎಲ್ಲರೂ ನಕ್ಕಾಗ ಅಮ್ಮ?"

"ಅವರ ಮುಖ ಆಗಲೇ ಆಡ್ತಿರಲಿಲ್ಲ ತಾಯಿ."

ಗಾಜನ್ನು ಅವರ ಕೈಯಿಂದ ವಾಪಸು ತೆಗೆದುಕೊಂಡೆ. ಹೊಲಿಗೆಯವರ ಕಣ್ಣು ಸಣ್ಣದನ್ನು ಹುಡುಕುವ ಕಣ್ಣು. ಹಣೆ ನುಣುಪು, ಕೆನ್ನೆ ನುಣುಪು, ಬಾಯಿ ಕಲ್ಲು. ಆದರೆ ಮುಚ್ಚಿದ ಕಣ್ಣಿನ ಹೊರತುದಿಯಲ್ಲಿ, ಎರಡೂ ಕಡೆ, ಸಣ್ಣ ಸಣ್ಣ ನೆರಿಗೆಗಳು ಬೀಸಣಿಗೆಯ ಹಾಗೆ ಹರಡಿಕೊಂಡಿದ್ದವು. ಬಾಯಿಯ ಸುತ್ತಲಿನ ಬಿಗಿತ ಬಿಟ್ಟರೆ ಇಡೀ ಮುಖದಲ್ಲಿ ಬೇರೆಲ್ಲೂ ಒಂದು ಗೆರೆಯಿಲ್ಲ, ಅಲ್ಲಿ ಮಾತ್ರ ಇದ್ದವು. ನಗು ತಡೆದುಕೊಳ್ಳಲಾಗದೆ ಕಣ್ಣು ಗಟ್ಟಿಯಾಗಿ ಮುಚ್ಚಿದವರಿಗೆ ಬರುವ ನೆರಿಗೆಗಳು ಅವು.

ಅವರಿಗೆ ತೋರಿಸಿದೆ. ಎಲ್ಲಿ ನೋಡಬೇಕೆಂದು ಬೆರಳಿಟ್ಟು ತೋರಿಸಿದೆ. ದೊಡ್ಡ ಡಾಕ್ಟರು ನೋಡಿದರು, ನೋಡುತ್ತಲೇ ಇದ್ದರು. "ಮುಖದಲ್ಲಿ ಯಾವ ಭಾವವೂ ಕಾಣದು ಅಂತ ಬರೆದೆ," ಅಂದರು. "ಪಟ್ಟಿ ಅಂಟಿಸಿದ ಫೋಟೋ ಮುಂದಿಟ್ಕೊಂಡು ಬರೆದೆ ತಾಯಿ. ಪಟ್ಟಿ ಅಂಟಿಸಿ ಆಮೇಲೆ ಬರೆದೆ." ಅವರ ಕಣ್ಣಿಂದ ನೀರು ಇಳಿದು ಕನ್ನಡಕದ ದಾರಕ್ಕೆ ತಾಗಿತು. ಬೈಯಬೇಕೆಂದು ಹೋಗಿದ್ದವಳು ನಾನು. ಅವರ ಕೈಮೇಲೆ ಕೈ ಇಟ್ಟು ಕೂತೆ. ನನ್ನ ಬೆರಳು ತಣ್ಣಗಿತ್ತು, ಅವರು ತೆಗೆಯಲಿಲ್ಲ.

ಆ ಸ್ಲೈಡನ್ನು ನನಗೇ ಕೊಟ್ಟರು. ಮನೆಗೆ ತಂದು ಚಿಕ್ಕಮ್ಮನ ಕೈಗಿಟ್ಟೆ. ಅವಳು ದೀಪಕ್ಕೆ ಹಿಡಿದು ನೋಡಿ, "ಅಯ್ಯೋ, ಇವಳು ಕಿಸಿಯೋದು ನೋಡು," ಅಂದಳು, ತನ್ನಕ್ಕ ಆಚೆ ಕೋಣೆಯಲ್ಲೇ ಇದ್ದಾಳೇನೋ ಅನ್ನುವ ಹಾಗೆ. ಆಮೇಲೆ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ಆಗ ನಾನೂ ಅತ್ತೆ. ಕಣ್ಣು ಸಿಗಲಿಲ್ಲ. ಅದು ಹೋಯಿತು, ಇನ್ನು ಯಾರ ಹತ್ತಿರವೂ ಇಲ್ಲ. ನಗು ಸಿಕ್ಕಿತಲ್ಲ ಅಂತ ಸಮಾಧಾನ ಮಾಡಿಕೊಳ್ಳಲು ನೋಡಿದೆ, ಆಗಲಿಲ್ಲ. ನನಗೆ ಎರಡೂ ಬೇಕಿತ್ತು.

ದೊಡ್ಡ ಡಾಕ್ಟರು ಮುಂದಿನ ಮಳೆಗಾಲ ದಾಟಲಿಲ್ಲ. ಜೀವನಚರಿತ್ರೆ ಅಚ್ಚಾಗುವುದನ್ನು ನೋಡಲಿಲ್ಲ.

ನನ್ನ ಫೋಟೋ ತೆಗೆಯುವ ದಿನ ಬರುವಷ್ಟರಲ್ಲಿ ನನ್ನ ಬಾಯಿ ಚಮಚ ಹಿಡಿಸುವಷ್ಟು ಮಾತ್ರ ತೆರೆಯುತ್ತಿತ್ತು. ಕಾಜಾ ಕೆಲಸ ಬಿಟ್ಟಿದ್ದೆ. ಚಿಕ್ಕಮ್ಮ ಮಸುಕಾದ ಕಣ್ಣಿನಲ್ಲೇ ಕಾಜಾ ಹಾಕುತ್ತಿದ್ದಳು. ಆಸ್ಪತ್ರೆಯ ಒಂದು ಸಣ್ಣ ಕೋಣೆ, ಬಿಳಿ ಗೋಡೆ, ಎತ್ತರದ ಸ್ಟೂಲು. ಹುಡುಗಿ ಡಾಕ್ಟರು ಒಪ್ಪಿಗೆ ಕೇಳಿ ಎಲ್ಲ ವಿವರಿಸಿದಳು. ಈಗ ಕಪ್ಪು ಪಟ್ಟಿ ಹಾಕುವುದಿಲ್ಲ, ಬೇಕಾದ ಭಾಗವನ್ನಷ್ಟೇ ತೆಗೆಯುತ್ತಾರೆ. ಕೈಗಳು, ಬಾಯಿ, ಕೆನ್ನೆಯ ಒಂದು ಪಕ್ಕ. ಕಣ್ಣಿನವರೆಗೆ ಕ್ಯಾಮೆರಾ ಬರುವುದೇ ಇಲ್ಲ.

ಎಲ್ಲ ಮುಗಿದ ಮೇಲೆ, "ಇನ್ನೊಂದು ತೆಗೀರಿ," ಅಂದೆ. "ಪೂರ್ತಿ ಮುಖ."

"ವರದಿಗೆ ಬೇಕಾಗಲ್ಲ ಅಕ್ಕಾ."

"ವರದಿಗಲ್ಲ. ನನ್ನ ಮಗಳಿಗೆ."

ಆಕೆ ಫೋಟೋದವನಿಗೆ ಸನ್ನೆ ಮಾಡಿದಳು. ಮದುವೆಮನೆಗಳಲ್ಲೂ ಫೋಟೋ ತೆಗೆಯುವ ಮನುಷ್ಯನಂತೆ ಅವನು. ದೀಪ ಸರಿಮಾಡಿದ, ಸ್ಟೂಲು ಸ್ವಲ್ಪ ತಿರುಗಿಸಿದ, ಕ್ಯಾಮೆರಾದ ಹಿಂದೆ ಬಗ್ಗಿದ. ನಾನು ಕಣ್ಣು ಅಗಲವಾಗಿ ತೆರೆದು ನೇರ ನೋಡುತ್ತಾ ಕೂತೆ. ಅಮ್ಮ ನೆನಪಾದಳು: ನಿಮಗ್ಯಾಕೆ ಡಾಕ್ಟ್ರೇ ತೊಂದರೆ.

"ಸ್ವಲ್ಪ ನಗಿ ಮೇಡಂ," ಅಂದ ಅವನು ಅಭ್ಯಾಸದ ಮೇಲೆ, ಅಂದವನೇ ನಾಲಿಗೆ ಕಚ್ಚಿಕೊಂಡ. ಹುಡುಗಿ ಡಾಕ್ಟರ ಮುಖ ಬಿಳಿಚಿಕೊಂಡಿತು.

"ನಗ್ತಾನೇ ಇದೀನಲ್ಲಪ್ಪ," ಅಂದೆ. "ಬಾಯಲ್ಲಿ ಯಾಕೆ ಹುಡುಕ್ತೀಯ? ಮೇಲೆ ನೋಡು."

ಅವನು ಕ್ಯಾಮೆರಾದಿಂದ ತಲೆ ಎತ್ತಿ ನನ್ನ ಕಣ್ಣು ನೋಡಿದ.